ಮೋಟರ್ ಬೋರ್ಡಿಗೆ ಆರ್‌ಟಿಓಎಸ್ ಬೇಕಾ? ಬಳಸಿದವರು ಹೇಳಿ

ಕೇಳಿದವರು: ಮದ್ದೂರು ಕಡೆಯವರು

ಡಿಪ್ಲೊಮಾ ಮುಗಿಸಿ ಮಂಡ್ಯದ ಒಂದು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬಿಡುವಿನಲ್ಲಿ ನಮ್ಮ ಬೋರ್‌ವೆಲ್‌ಗೆ ಒಂದು ಬೋರ್ಡ್ ಮಾಡಿದ್ದೇನೆ. ಇಎಸ್‌ಪಿ32 ಅನ್ನುವ ಮೈಕ್ರೋಕಂಟ್ರೋಲರ್ ಚಿಪ್, ಕರೆಂಟ್ ಅಳೆಯಲು ಮೂರು ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್), ಮೆಸೇಜ್ ಕಳಿಸಲು ಒಂದು ಜಿಎಸ್‌ಎಂ ಮಾಡ್ಯೂಲ್. ಪ್ರೋಗ್ರಾಂ ಆರ್ಡುಯಿನೊದಲ್ಲಿ ಬರೆದಿದ್ದೇನೆ. ರಾತ್ರಿ ತ್ರೀ ಫೇಸ್ ಬಂದರೆ ಮೋಟರ್ ಆನ್ ಆಗಬೇಕು. ನೀರು ನಿಂತರೆ ಆಫ್ ಆಗಬೇಕು. ಒಂದು ಫೇಸ್ ಹೋದರೆ ಇನ್ನೂ ಬೇಗ ಆಫ್ ಆಗಬೇಕು. ಎಲ್ಲಕ್ಕೂ ಅಪ್ಪನ ಫೋನಿಗೆ ಮೆಸೇಜ್ ಹೋಗಬೇಕು.

ಹೋದ ವಾರ ನೆಟ್‌ವರ್ಕ್ ಸಿಗದೆ ಮೆಸೇಜ್ ಕಳಿಸುವ ಫಂಕ್ಷನ್ ಸುಮಾರು 40 ಸೆಕೆಂಡ್ ಅಲ್ಲೇ ಕೂತುಬಿಟ್ಟಿತು. ಅದೇ ಹೊತ್ತಿಗೆ ಒಂದು ಫೇಸ್ ಹೋಯಿತು. ಬೋರ್ಡ್ ಅತ್ತ ತಿರುಗಿಯೂ ನೋಡಲಿಲ್ಲ. ಹಳೇ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಬಿದ್ದಿದ್ದಕ್ಕೆ ಮೋಟರ್ ಉಳಿಯಿತು. ಗೆಳೆಯನೊಬ್ಬ "ಆರ್‌ಟಿಓಎಸ್ ಹಾಕು" ಎಂದ. ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ ಅಂತೆ, ಯಾವ ಕೆಲಸ ಯಾವಾಗ ಓಡಬೇಕು ಅಂತ ನೋಡಿಕೊಳ್ಳುವ ಸಾಫ್ಟ್‌ವೇರ್. ಹುಡುಕಿದರೆ ಫ್ರೀಆರ್‌ಟಿಓಎಸ್, ಝೆಫರ್, ರಯಟ್, ನಟ್‌ಎಕ್ಸ್ ಅಂತ ಸಾಲು ಸಾಲು ಹೆಸರು. ಯಾವುದನ್ನು ಹಿಡಿಯಲಿ? ಎಲ್ಲಿಂದ ಶುರು ಮಾಡಲಿ? ದುಡ್ಡು ಕೊಡಬೇಕಾ? ಬಳಸಿದವರು ತಮಗಾದದ್ದು ಹೇಳಿ.

ಮೈಸೂರು, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫರ್ಮ್‌ವೇರ್ ಕೆಲಸ

ನಿಮ್ಮ ಬೋರ್ಡಿನಲ್ಲಿ ಆರ್‌ಟಿಓಎಸ್ ಈಗಾಗಲೇ ಇದೆ. ಇಎಸ್‌ಪಿ32ಗೆ ಆರ್ಡುಯಿನೊದಲ್ಲಿ ಬರೆದರೂ ಅದು ಓಡುವುದು ಫ್ರೀಆರ್‌ಟಿಓಎಸ್ ಮೇಲೆಯೇ. ನೀವು ಬರೆಯುವ 'ಲೂಪ್' ಅದರಲ್ಲಿ ಒಂದು ಟಾಸ್ಕ್, ಅಂದರೆ ತನ್ನ ಪಾಡಿಗೆ ಓಡುವ ಒಂದು ಕೆಲಸ, ಅಷ್ಟೇ. ನಾಲ್ಕು ಕೆಲಸವನ್ನೂ ಆ ಒಂದೇ ಟಾಸ್ಕಿನ ತಲೆ ಮೇಲೆ ಹೇರಿದ್ದೀರಿ. ಅದಕ್ಕೇ ಹೀಗಾಗಿದೆ.

ಆರ್‌ಟಿಓಎಸ್ ಹಾಕಿದರೆ ಬೋರ್ಡ್ ಫಾಸ್ಟ್ ಆಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಒಂದು ಚೂರು ನಿಧಾನವೇ ಆಗುತ್ತದೆ, ಟಾಸ್ಕ್ ಬದಲಿಸುವುದಕ್ಕೂ ಸಮಯ ಹಿಡಿಯುತ್ತದಲ್ವಾ. ನಿಮ್ಮ ಊರಿನ ಆಲೆಮನೆಯನ್ನೇ ನೋಡಿ. ಕೊಪ್ಪರಿಗೆಯ ಮುಂದೆ ಹದ ನೋಡುವವನಿಗೆ ಫೋನ್ ಬರುತ್ತದೆ. ಮಾತಾಡಲಿ, ತಪ್ಪಿಲ್ಲ. ಆದರೆ ಪಾಕ ಹದಕ್ಕೆ ಬಂತು ಅಂದ ಕೂಡಲೇ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಕೊಪ್ಪರಿಗೆ ಇಳಿಸಬೇಕು. ಮಾತು ಮುಗಿಯಲಿ ಅಂತ ಕಾದರೆ ಬೆಲ್ಲ ಸೀದು ಹೋಗುತ್ತದೆ. ಇಳಿಸಿ ಬಂದ ಮೇಲೆ ಬಿಟ್ಟ ಜಾಗದಿಂದಲೇ ಮಾತು ಮುಂದುವರಿಸಬಹುದು. ಆರ್‌ಟಿಓಎಸ್‌ನ ಶೆಡ್ಯೂಲರ್ ಮಾಡುವುದು ಇದನ್ನೇ. ಹೆಚ್ಚು ಪ್ರಿಯಾರಿಟಿಯ ಟಾಸ್ಕ್ ಎದ್ದರೆ ಕಡಿಮೆಯದ್ದನ್ನು ಎಲ್ಲಿದೆಯೋ ಅಲ್ಲೇ ನಿಲ್ಲಿಸುತ್ತದೆ.

ದುಡ್ಡಿನ ಮಾತು: ಫ್ರೀಆರ್‌ಟಿಓಎಸ್ ಅನ್ನು ರಿಚರ್ಡ್ ಬ್ಯಾರಿ 2003ರ ಸುಮಾರಿಗೆ ಶುರು ಮಾಡಿದ್ದು. 2017ರಿಂದ ಅಮೆಜಾನ್ ನೋಡಿಕೊಳ್ಳುತ್ತಿದೆ. ಈಗ ಎಂಐಟಿ ಲೈಸೆನ್ಸ್. ನಾಳೆ ಈ ಬೋರ್ಡನ್ನು ನೀವು ಮಾರಿದರೂ ಯಾರಿಗೂ ಕಾಸು ಕೊಡಬೇಕಿಲ್ಲ. ನಿಮ್ಮ ಕೋಡನ್ನು ತೆರೆದು ತೋರಿಸಬೇಕಾಗಿಯೂ ಇಲ್ಲ. ಅದರ ತಿರುಳು ಟಾಸ್ಕ್ಸ್, ಕ್ಯೂ, ಲಿಸ್ಟ್ ಅನ್ನುವ ಮೂರು ಸಿ ಫೈಲು. ಒಂದು ಭಾನುವಾರ ಕೂತು ಓದಿ ನೋಡಿ. ಪೂರ್ತಿ ಅರ್ಥ ಆಗದಿದ್ದರೂ ಹೆದರಿಕೆ ಹೋಗುತ್ತದೆ.

ನಾನಾದರೆ ಮೂರು ಟಾಸ್ಕ್ ಮಾಡುತ್ತಿದ್ದೆ. ಮೊದಲನೆಯದು ಕರೆಂಟ್ ಅಳೆಯುವುದು, ಪ್ರಿಯಾರಿಟಿ ಎಲ್ಲಕ್ಕಿಂತ ಮೇಲೆ. ನಮ್ಮದು 50 ಹರ್ಟ್ಸ್, ಅಂದರೆ ಒಂದು ಸೈಕಲ್ 20 ಮಿಲಿಸೆಕೆಂಡ್. ಒಂದು ಮಿಲಿಸೆಕೆಂಡಿಗೆ ಒಂದು ಸಲ ಓದಿದರೆ ಸೈಕಲ್‌ಗೆ 20 ಸ್ಯಾಂಪಲ್ ಸಿಗುತ್ತವೆ. ಈ ಕೆಲಸಕ್ಕೆ ಧಾರಾಳ. ಇಲ್ಲಿ 'ವಿಟಾಸ್ಕ್‌ಡಿಲೇ' ಬೇಡ, 'ವಿಟಾಸ್ಕ್‌ಡಿಲೇಅಂಟಿಲ್' ಹಾಕಿ. ಮೊದಲನೆಯದು ಕೆಲಸ ಮುಗಿದ ಮೇಲೆ ಎಣಿಸಲು ಶುರು ಮಾಡುತ್ತದೆ, ಹಾಗಾಗಿ ಹೊತ್ತು ಜರುಗುತ್ತಾ ಹೋಗುತ್ತದೆ. ಎರಡನೆಯದು ಹಿಂದಿನ ಸಲ ಎದ್ದ ಹೊತ್ತಿನಿಂದಲೇ ಎಣಿಸುತ್ತದೆ. ಎರಡನೇ ಟಾಸ್ಕ್ ಮೋಟರ್ ಆನ್ ಆಫ್ ತೀರ್ಮಾನ ಮಾಡಲಿ. ಮೂರನೆಯದು ಮೆಸೇಜ್, ಎಲ್ಲಕ್ಕಿಂತ ಕೆಳಗೆ. ಅದಕ್ಕೆ ಒಂದು ಕ್ಯೂ, ಅಂದರೆ ಚೀಟಿಗಳ ಸರದಿ ಸಾಲು, ಕೊಡಿ. ತೀರ್ಮಾನದ ಟಾಸ್ಕ್ "ಫೇಸ್ ಹೋಯಿತು" ಅಂತ ಚೀಟಿ ಬರೆದು ಕ್ಯೂಗೆ ಹಾಕಿ ತನ್ನ ಕೆಲಸಕ್ಕೆ ಹೋಗಲಿ. ಮೆಸೇಜಿನವನು ನೆಟ್‌ವರ್ಕ್ ಸಿಕ್ಕಾಗ ಎತ್ತಿಕೊಳ್ಳಲಿ. ಹಾಂ, ಕ್ಯೂ ತುಂಬಿದ್ದರೆ ಕಾಯುವ ಸಮಯ ಸೊನ್ನೆ ಇಡಿ. ಇಲ್ಲದಿದ್ದರೆ ಚೀಟಿ ಹಾಕುವವನೇ ಅಲ್ಲಿ ನಿಂತುಬಿಡುತ್ತಾನೆ, ಮತ್ತೆ ಅದೇ ಕಥೆ.

ಮೈಸೂರು, ಕುವೆಂಪುನಗರ

ನನ್ನದು ಬೇರೆ ಅಭಿಪ್ರಾಯ. ನಾಲ್ಕು ಕೆಲಸಕ್ಕೆ ಆರ್‌ಟಿಓಎಸ್ ಯಾಕೆ? ಎಲ್ಲೂ ಕಾಯದ ಹಾಗೆ ಸ್ಟೇಟ್ ಮೆಷೀನ್ (ಈಗ ಯಾವ ಹಂತದಲ್ಲಿದ್ದೇವೆ ಅಂತ ನೆನಪಿಟ್ಟು ಹೆಜ್ಜೆ ಹೆಜ್ಜೆಯಾಗಿ ಓಡುವ ಪ್ರೋಗ್ರಾಂ) ಬರೆದರೆ ಆಯಿತು. ಮಾಡ್ಯೂಲ್‌ಗೆ ಕಮಾಂಡ್ ಕೊಡಿ, ಹೊತ್ತು ಬರೆದಿಟ್ಟುಕೊಳ್ಳಿ, ಲೂಪ್ ಮುಂದೆ ಹೋಗಲಿ, ಉತ್ತರ ಬಂತಾ ಅಂತ ಮುಂದಿನ ಸುತ್ತಿನಲ್ಲಿ ನೋಡಿ. ಆರ್ಡುಯಿನೊ ಊನೊದಲ್ಲಿ ಇರುವುದೇ 2 ಕೆಬಿ ರ‍್ಯಾಮ್. ಅದರಲ್ಲಿ ನಾನು ಹೀಗೇ ಆರು ವರ್ಷದಿಂದ ಟ್ಯಾಂಕ್ ಕಂಟ್ರೋಲರ್ ಓಡಿಸುತ್ತಿದ್ದೇನೆ. ತಪ್ಪಾದರೆ ಎಲ್ಲಿ ತಪ್ಪಾಯಿತು ಅಂತ ಕಣ್ಣಿಗೆ ಕಾಣುತ್ತದೆ. ಆರ್‌ಟಿಓಎಸ್ ತಪ್ಪು ಹಾಗಲ್ಲ, ಹತ್ತು ದಿನಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತದೆ.

ಹೆಬ್ಬಾಳದವರೇ ಮತ್ತೆ

ಒಪ್ಪಿದೆ, ಕೋಡೆಲ್ಲ ನಿಮ್ಮದೇ ಆದಾಗ. ಇವರು ಜಿಎಸ್‌ಎಂಗೆ ಬೇರೆಯವರ ಲೈಬ್ರರಿ ಹಾಕಿದ್ದಾರೆ. ಕಾಯುತ್ತಿರುವುದು ಅದರ ಹೊಟ್ಟೆಯೊಳಗೆ. ಅದನ್ನು ಬಿಚ್ಚಿ ಬರೆಯುವುದಕ್ಕಿಂತ ಬೇರೆ ಟಾಸ್ಕಿನಲ್ಲಿ ಕೂರಿಸುವುದು ಸುಲಭ. ಊನೊ ಆಗಿದ್ದರೆ ನಾನೂ ನಿಮ್ಮ ಮಾತನ್ನೇ ಹೇಳುತ್ತಿದ್ದೆ.

ಮಂಡ್ಯ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು

ಆ "ಹತ್ತು ದಿನಕ್ಕೊಮ್ಮೆ ಬರುವ ತಪ್ಪು" ಅನ್ನುವುದಕ್ಕೆ ತರಗತಿಯಲ್ಲಿ ನಾನು ಹೇಳುವ ಕಥೆ ಒಂದಿದೆ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ಮಂಗಳ ಗ್ರಹಕ್ಕೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿಯೇ ರೀಸೆಟ್ ಆಗತೊಡಗಿತು. ಅದರಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್, ಓಪನ್ ಸೋರ್ಸ್ ಅಲ್ಲ, ದುಡ್ಡು ಕೊಟ್ಟು ಕೊಳ್ಳುವ ಆರ್‌ಟಿಓಎಸ್. ಹವಾಮಾನ ಅಳೆಯುವ ಕಡಿಮೆ ಪ್ರಿಯಾರಿಟಿಯ ಟಾಸ್ಕ್ ಒಂದು ಬೀಗ ಹಿಡಿದುಕೊಂಡಿತ್ತು. ಅದೇ ಬೀಗಕ್ಕೆ ಅದಕ್ಕಿಂತ ಬಹಳ ಮುಖ್ಯವಾದ ಟಾಸ್ಕ್ ಕಾಯುತ್ತಿತ್ತು. ನಡುವಿನ ಪ್ರಿಯಾರಿಟಿಯವರು ಬಂದು ಕಡಿಮೆಯವನನ್ನು ಓಡಲು ಬಿಡಲಿಲ್ಲ. ಅವನು ಓಡದೆ ಬೀಗ ಬಿಡುವ ಹಾಗಿಲ್ಲ. ದೊಡ್ಡವನು ಕಾದೂ ಕಾದೂ ಹೊತ್ತು ಮೀರಿತು, ಕೆಲಸ ಹೊತ್ತಿಗೆ ಮುಗಿಯಿತಾ ಅಂತ ಕಾಯುವ ವಾಚ್‌ಡಾಗ್ ಎಲ್ಲವನ್ನೂ ರೀಸೆಟ್ ಮಾಡಿತು. ಭೂಮಿಯಲ್ಲಿದ್ದ ಇನ್ನೊಂದು ಪ್ರತಿಯಲ್ಲಿ ಎಂಜಿನಿಯರುಗಳು ಅದೇ ತೊಂದರೆ ಬರಿಸಿ, ಕಾರಣ ಹಿಡಿದು, ಇಲ್ಲಿಂದಲೇ ಸರಿ ಮಾಡಿದರು. ಆ ಬೀಗಕ್ಕೆ, ಅಂದರೆ ಮ್ಯೂಟೆಕ್ಸ್‌ಗೆ, ಪ್ರಿಯಾರಿಟಿ ಇನ್‌ಹೆರಿಟೆನ್ಸ್ ಆನ್ ಮಾಡಿದರು, ಅಷ್ಟೇ. ಬೀಗ ಹಿಡಿದವನಿಗೆ ಕಾಯುವವನ ಪ್ರಿಯಾರಿಟಿಯನ್ನು ಅಷ್ಟು ಹೊತ್ತಿಗೆ ಎರವಲು ಕೊಡುವ ಏರ್ಪಾಟು ಅದು.

ನಿಮಗೆ ಇದು ಯಾಕೆ ಬೇಕು ಅಂದರೆ, ಫ್ರೀಆರ್‌ಟಿಓಎಸ್‌ನಲ್ಲಿ ಮ್ಯೂಟೆಕ್ಸ್‌ಗೆ ಈ ಎರವಲು ಇದೆ, ಅದರ ಹಾಗೇ ಕಾಣುವ ಬೈನರಿ ಸೆಮಾಫೋರ್‌ಗೆ ಇಲ್ಲ. ಎರಡು ಟಾಸ್ಕ್ ಒಂದೇ ಡಿಸ್‌ಪ್ಲೇಯನ್ನೋ ಒಂದೇ ಸೀರಿಯಲ್ ಪೋರ್ಟನ್ನೋ ಹಂಚಿಕೊಂಡರೆ ಮ್ಯೂಟೆಕ್ಸ್ ಬಳಸಿ. ನಮ್ಮ ಹುಡುಗರು ಪ್ರಾಜೆಕ್ಟಿನಲ್ಲಿ ಪ್ರತಿ ವರ್ಷ ಇದನ್ನು ತಪ್ಪದೆ ತಪ್ಪು ಮಾಡುತ್ತಾರೆ.

ಇಂಟರಪ್ಟ್ (ಹೊರಗಿನ ಸಿಗ್ನಲ್ ಬಂದ ಕೂಡಲೇ ಚಿಪ್ ಎಲ್ಲ ಬಿಟ್ಟು ಓಡಿಸುವ ಕೋಡ್) ಒಳಗಿನಿಂದ ಕ್ಯೂಗೆ ಹಾಕುವುದಾದರೆ ಹೆಸರಿನ ಕೊನೆಗೆ 'ಫ್ರಮ್‌ಐಎಸ್‌ಆರ್' ಇರುವ ಫಂಕ್ಷನ್ನನ್ನೇ ಕರೆಯಿರಿ. ಮಾಮೂಲಿನದ್ದನ್ನು ಕರೆದರೆ ಅದೃಷ್ಟ ಇರುವಷ್ಟು ದಿನ ಓಡುತ್ತದೆ.

ಪಾಂಡವಪುರ, ಎಲೆಕ್ಟ್ರಿಷಿಯನ್

ಸಾಫ್ಟ್‌ವೇರ್ ನನಗೆ ಗೊತ್ತಿಲ್ಲ. ಹಳೇ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಬೋರ್ಡ್ ಎಷ್ಟೇ ಜಾಣ ಆಗಲಿ, ರಿಲೇ ಅದರ ಪಾಡಿಗೆ ಇರಲಿ. ಇನ್ನೊಂದು, ಮೋಟರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಬಿದ್ದಾಗ ಬೋರ್ಡ್ ತಾನೇ ರೀಸ್ಟಾರ್ಟ್ ಆಗುತ್ತಿದೆಯಾ ನೋಡಿ. ಆಗುತ್ತಿದ್ದರೆ ಕಾಯಿಲಿಗೆ ಸ್ನಬ್ಬರ್ (ವೋಲ್ಟೇಜಿನ ಏಟು ತಡೆಯುವ ಸಣ್ಣ ಸರ್ಕ್ಯೂಟ್) ಹಾಕಿ. ಜಿಎಸ್‌ಎಂ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಒಂದು ಗಳಿಗೆ 2 ಆಂಪ್ ತನಕ ಎಳೆಯುತ್ತದಂತೆ, ಅದಕ್ಕೂ ಸಪ್ಲೈ ಗಟ್ಟಿ ಇರಬೇಕು. ಹುಡುಗರು ಇದನ್ನೆಲ್ಲ ಪ್ರೋಗ್ರಾಂ ತಪ್ಪು ಅಂತ ತಿಂಗಳುಗಟ್ಟಲೆ ಹುಡುಕುತ್ತಾ ಕೂರುತ್ತಾರೆ.

ಮೈಸೂರು, ವಿಜಯನಗರ

ಝೆಫರ್ ಪರವಾಗಿ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. 2016ರಿಂದ ಲಿನಕ್ಸ್ ಫೌಂಡೇಶನ್ ಕೆಳಗಿದೆ, ಅಪಾಚೆ ಲೈಸೆನ್ಸ್. ಬ್ಲೂಟೂತ್, ನೆಟ್‌ವರ್ಕ್, ಫೈಲ್ ಸಿಸ್ಟಮ್, ಡ್ರೈವರ್ ಎಲ್ಲ ಒಂದೇ ಮನೆಯೊಳಗೆ. ಫ್ರೀಆರ್‌ಟಿಓಎಸ್‌ನಲ್ಲಿ ಕರ್ನಲ್, ಅಂದರೆ ಟಾಸ್ಕ್ ಓಡಿಸುವ ತಿರುಳು, ಸಿಗುತ್ತದೆ, ಮಿಕ್ಕ ಸಾಮಾನು ಬಹುಮಟ್ಟಿಗೆ ಚಿಪ್ ಕಂಪನಿಯವರಿಂದಲೋ ಬೇರೆ ಕಡೆಯಿಂದಲೋ ತರಬೇಕು. ನಾನು ನಾರ್ಡಿಕ್ ಚಿಪ್ ಮೇಲೆ ಕೆಲಸ ಮಾಡುವುದು, ಅವರ ಕಿಟ್ ಇರುವುದೇ ಝೆಫರ್ ಮೇಲೆ.

ಆದರೆ ಮೊದಲ ತಿಂಗಳು ಅಳಿಸಿತು. ಡಿವೈಸ್‌ಟ್ರೀ (ಬೋರ್ಡಿನ ವಿವರ ಬರೆಯುವುದು), ಕೆಕಾನ್ಫಿಗ್ (ಬೇಕಾದ್ದನ್ನು ಆರಿಸುವ ಸೆಟ್ಟಿಂಗ್), ವೆಸ್ಟ್ (ಬಿಲ್ಡ್ ಮಾಡುವ ಟೂಲ್) ಮೂರನ್ನೂ ಕಲಿತ ಮೇಲೆಯೇ ಒಂದು ಎಲ್‌ಇಡಿ ಮನಸ್ಸಿಗೆ ಬಂದ ಪಿನ್ನಿನಲ್ಲಿ ಮಿನುಗಿದ್ದು. ಫ್ರೀಆರ್‌ಟಿಓಎಸ್‌ನಿಂದ ಬಂದವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಅಲ್ಲಿ ನಂಬರ್ ದೊಡ್ಡದಾದರೆ ಪ್ರಿಯಾರಿಟಿ ದೊಡ್ಡದು. ಇಲ್ಲಿ ಉಲ್ಟಾ, ನಂಬರ್ ಚಿಕ್ಕದಾದಷ್ಟೂ ದೊಡ್ಡವನು. ನಾನು ಎರಡು ದಿನ ಅದಕ್ಕೇ ಕಳೆದೆ. ನಿಮ್ಮ ಒಂದು ಬೋರ್‌ವೆಲ್‌ಗೆ ಝೆಫರ್ ಬೇಡ. ನಾಳೆ ಮೂರು ಥರದ ಚಿಪ್ಪಿನ ಮೇಲೆ ಒಂದೇ ಕೋಡ್ ಓಡಿಸಬೇಕಾದರೆ ಆಗ ಬನ್ನಿ. ನಟ್‌ಎಕ್ಸ್ ಲಿನಕ್ಸ್ ಥರ ಬರೆಯುವವರಿಗೆ ಹಿತ, ಡ್ರೋನಿನವರ ಪಿಎಕ್ಸ್4 ಅದರ ಮೇಲೆ ಓಡುತ್ತದೆ. ರಯಟ್ ನಾನು ಮುಟ್ಟಿಲ್ಲ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೂರು ಟಾಸ್ಕ್ ಮಾಡಿದೆ. ಮೊದಲು ಬ್ರೌಸರ್‌ನಲ್ಲಿ ಓಡುವ ವೋಕ್ವಿ ಸಿಮ್ಯುಲೇಟರಿನಲ್ಲಿ ಇಎಸ್‌ಪಿ32 ಇಟ್ಟು ನೋಡಿದೆ, ಸರಿಯಾಗಿ ಬಂತು. ಬೋರ್ಡಿಗೆ ಹಾಕಿದರೆ ಮೆಸೇಜ್ ಕಳಿಸುವ ಹೊತ್ತಿಗೆ ಸರಿಯಾಗಿ ರೀಸ್ಟಾರ್ಟ್. ಸ್ನಬ್ಬರ್ ಹಾಕಿದೆ, ಸಪ್ಲೈ ಬದಲಿಸಿದೆ, ಆದರೂ ಹಾಗೇ. ಮೆಸೇಜ್ ಟಾಸ್ಕಿಗೆ ಸ್ಟ್ಯಾಕ್ (ಟಾಸ್ಕ್ ಓಡುವಾಗ ಬಳಸುವ ಅದರದ್ದೇ ಮೆಮೊರಿ) 1024 ಕೊಟ್ಟಿದ್ದೇನೆ. ಒಂದು ಉದಾಹರಣೆಯಲ್ಲಿ ಇಷ್ಟೇ ಇತ್ತು.

ಹೆಬ್ಬಾಳದವರು

ಸಿಕ್ಕಿತು. ಆ ಉದಾಹರಣೆ ಬೇರೆ ಚಿಪ್ಪಿನದ್ದಿರಬೇಕು. ಮೂಲ ಫ್ರೀಆರ್‌ಟಿಓಎಸ್‌ನಲ್ಲಿ ಸ್ಟ್ಯಾಕ್ ಲೆಕ್ಕ ವರ್ಡ್‌ಗಳಲ್ಲಿ. 32 ಬಿಟ್ ಚಿಪ್ಪಿನಲ್ಲಿ 1024 ಅಂದರೆ 4096 ಬೈಟ್. ಇಎಸ್‌ಪಿ32ರಲ್ಲಿ ಮಾತ್ರ ಬೈಟ್‌ಗಳಲ್ಲಿ. ನೀವು ಕಾಲು ಭಾಗ ಕೊಟ್ಟಿದ್ದೀರಿ. 4096 ಕೊಟ್ಟು ಓಡಿಸಿ. ಆಮೇಲೆ 'ಸ್ಟ್ಯಾಕ್ ಹೈ ವಾಟರ್ ಮಾರ್ಕ್' ಫಂಕ್ಷನ್ ಕರೆದು ಇಲ್ಲಿಯವರೆಗೆ ಅತಿ ಕಡಿಮೆ ಎಷ್ಟು ಉಳಿದಿತ್ತು ಅಂತ ಪ್ರಿಂಟ್ ಮಾಡಿ ನೋಡಿ.

ಕೇಳಿದವರು

ಅದೇ ಆಗಿತ್ತು! ಈಗ 4096ರಲ್ಲಿ ಚೆನ್ನಾಗಿ ಓಡುತ್ತಿದೆ. ಇವತ್ತು ರಾತ್ರಿ ತ್ರೀ ಫೇಸ್ ಬಂದಾಗ ಮೋಟರ್ ಓಡುತ್ತಿರುವಾಗಲೇ ಒಂದು ಫ್ಯೂಸ್ ಕಿತ್ತು ಪರೀಕ್ಷೆ ಮಾಡುತ್ತೇನೆ.

ಪಾಂಡವಪುರ, ಎಲೆಕ್ಟ್ರಿಷಿಯನ್

ಬೇಡಪ್ಪಾ. ಓಡುವ ಮೋಟರಿನ ಫ್ಯೂಸ್ ಕೀಳಬಾರದು, ಆರ್ಕ್ ಹೊಡೆದರೆ ಕೈ ಮುಖ ಸುಡುತ್ತದೆ. ಲೋಡ್ ಇರುವಾಗ ಸಿ.ಟಿ.ಯ ತಂತಿಯನ್ನೂ ಬಿಚ್ಚಬೇಡಿ, ಅಲ್ಲಿ ವೋಲ್ಟೇಜ್ ಏರುತ್ತದೆ. ಅಂಗಡಿಯ ಬೆಂಚಿನಲ್ಲೇ ಮೂರು 200 ವ್ಯಾಟ್ ಬಲ್ಬ್, ಮೂರು ಸ್ವಿಚ್ ಹಾಕಿ. ಬಲ್ಬಿಗೆ ಹೋಗುವ ತಂತಿಯನ್ನು ಸಿ.ಟಿ.ಯೊಳಗೆ ಹತ್ತು ಸುತ್ತು ಸುತ್ತಿ. ಬೋರ್ಡಿಗೆ ಹತ್ತರಷ್ಟು ಕಾಣುತ್ತದೆ, ಹೆಚ್ಚುಕಮ್ಮಿ 5 ಎಚ್‌ಪಿ ಮೋಟರಿನಷ್ಟೇ ಆಂಪ್. ಒಂದು ಸ್ವಿಚ್ ಆಫ್ ಮಾಡಿದರೆ ಒಂದು ಫೇಸ್ ಹೋದ ಹಾಗೆ.

ಕೇಳಿದವರು

ಹಾಗೇ ಮಾಡಿದೆ. ಸಿಮ್ ತೆಗೆದಿಟ್ಟು, ಮೆಸೇಜ್ ಟಾಸ್ಕ್ ನೆಟ್‌ವರ್ಕ್ ಹುಡುಕಿಕೊಂಡು ಒದ್ದಾಡುತ್ತಿರುವಾಗಲೇ ಸ್ವಿಚ್ ಆಫ್ ಮಾಡಿದೆ. ಕಾಂಟ್ಯಾಕ್ಟರ್ ಟಪ್ ಅಂತ ಬಿತ್ತು. ಹನ್ನೆರಡು ಸಲ ಮಾಡಿದೆ, ಹನ್ನೆರಡೂ ಸಲ ಬಿತ್ತು. ಆಮೇಲೆ ಸಿಮ್ ಹಾಕಿದ್ದೇ ತಡ, ಕ್ಯೂನಲ್ಲಿ ಕೂತಿದ್ದ ಮೆಸೇಜೆಲ್ಲ ಒಂದರ ಹಿಂದೆ ಒಂದು ಅಪ್ಪನ ಫೋನಿಗೆ ಹೋದವು. ಮೋಟರ್ ಸುಟ್ಟೇ ಹೋಯಿತು ಅಂದುಕೊಂಡು ಅವರು ಗದ್ದೆಯಿಂದ ಫೋನ್ ಮಾಡಿದರು. ಹಳೇ ಚೀಟಿಗಳನ್ನು ಕ್ಯೂನಿಂದ ಎಸೆಯುವುದು ಹೇಗೆ ಅಂತ ಈಗ ನೋಡುತ್ತಿದ್ದೇನೆ.