‘ಬ್ಲೂ ವ್ಯಾಲೆಂಟೈನ್’: ಸಂಸಾರ ಮುರಿದದ್ದು ಯಾಕೆ ಅಂತ ಯಾರಾದರೂ ಹೇಳಿದ್ರಾ?

ಪುಟ್ಟಕ್ಕ:
ಡೆರೆಕ್ ಸಿಯಾನ್‌ಫ್ರಾನ್ಸ್ ಅವರ ಈ ಸಿನಿಮಾ (2010) ಈಗಷ್ಟೇ ನೋಡಿದೆ. ರಯಾನ್ ಗಾಸ್ಲಿಂಗ್ (ಡೀನ್), ಮಿಶೆಲ್ ವಿಲಿಯಮ್ಸ್ (ಸಿಂಡಿ) ಗಂಡ ಹೆಂಡತಿ. ನಟನೆ ಬಗ್ಗೆ ಎರಡು ಮಾತಿಲ್ಲ. ಆದರೆ ಪ್ರೀತಿಸಿದ ದಿನಗಳಿವೆ, ಜಗಳದ ದಿನಗಳಿವೆ, ನಡುವಿನ ವರ್ಷಗಳೇ ಮಾಯ. ಇದು ಕೊರತೆ ಅಲ್ವಾ? ವಿಮರ್ಶಕರು ಸುಮ್ನೆ ಹೊಗಳಿಬಿಟ್ರಾ?

ಹಳೇ ರೀಲ್:
ಹೊಗಳಿದವರೇ ಜಾಸ್ತಿ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಮೂರೂವರೆ ಸ್ಟಾರ್ ಕೊಟ್ಟಿದ್ದರು. ನಿಮ್ಮ ದೂರು ಎತ್ತಿದವರೂ ಇದ್ದಾರೆ. ನಾನು ಒಪ್ಪುವುದಿಲ್ಲ.

ನಾನು ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು, ಹಾಗಾಗಿ ಮೊದಲು ಕ್ಯಾಮೆರಾ ಕಡೆಗೇ ಕಣ್ಣು ಹೋಗುತ್ತದೆ. ಹಳೆಯ ದಿನಗಳನ್ನು ಸೂಪರ್ 16 ಅನ್ನುವ 16 ಮಿ.ಮೀ. ಫಿಲ್ಮಿನಲ್ಲಿ ತೆಗೆದಿದ್ದಾರೆ, ಈಗಿನದನ್ನು ಡಿಜಿಟಲ್‌ನಲ್ಲಿ. ಆ ಎರಡರ ನಡುವೆ ನಟರಿಬ್ಬರೂ ಮಗಳ ಪಾತ್ರದ ಹುಡುಗಿಯ ಜೊತೆ ಸುಮಾರು ಒಂದು ತಿಂಗಳು ಒಂದೇ ಮನೆಯಲ್ಲಿ ಸಂಸಾರ ಹೂಡಿದ್ದರು. ನೀವು ಕೇಳುವ ವರ್ಷಗಳು ಆ ಮನೆಯಲ್ಲಿವೆ. ಪರದೆ ಮೇಲೆ ಅದರ ಸುಸ್ತು ಮಾತ್ರ ಬರುತ್ತದೆ.

ಕಾರಣ ಬೇಕೆಂದರೆ ಮೋಟೆಲ್ ರೂಮಿನ ಮಾತು ಇನ್ನೊಮ್ಮೆ ಕೇಳಿ. ನಿನಗೆ ಇಷ್ಟೊಂದು ಬರುತ್ತೆ, ಬೇರೇನೂ ಮಾಡಬೇಕು ಅನ್ನಿಸಲ್ವಾ ಅಂತ ಸಿಂಡಿ ಕೇಳುತ್ತಾಳೆ. ಗಂಡನಾಗಿ, ಅಪ್ಪನಾಗಿ ಇರುವುದೇ ಸಾಕು ಅನ್ನುತ್ತಾನೆ ಡೀನ್. ಕೆಟ್ಟ ಮಾತೇನಲ್ಲ ನೋಡಿ. ಯೂಕಲೇಲೆ ಬಾರಿಸಿ ಅವಳನ್ನು ಬೀದಿಯಲ್ಲಿ ಕುಣಿಸಿದ್ದೂ ಇದೇ ಮನುಷ್ಯ. ಅವನು ಬದಲಾಗಲೇ ಇಲ್ಲ, ಅವಳಿಗೆ ಅದೇ ಭಾರ.

ಸಂಜೆ ಶೋ:
ಇದೆಲ್ಲ ಡೀನ್ ಪರ ವಕಾಲತ್ತು. ಸಿಂಡಿ ಮನೆಯ ಊಟದ ಮೇಜು ಮರೆತ್ರಾ? ಅವಳಪ್ಪ ಅಡುಗೆಯ ಮೇಲೆ ಸಿಟ್ಟು ಮಾಡಿದಾಗ ಅವಳಮ್ಮ ಹೇಗೆ ಕೂತಿರುತ್ತಾಳೆ ನೋಡಿ. ಅಂಥ ಮನೆಯಲ್ಲಿ ಬೆಳೆದವಳು, ಬಸುರಿ, ಮಗು ಹಳೆಯ ಗೆಳೆಯನದು ಇರಬಹುದು ಅನ್ನುವ ಹೊತ್ತಿನಲ್ಲಿ ಆದ ಮದುವೆ. ಈ ಡೀನ್‌ಗೆ ಬೆಳಿಗ್ಗೆ ಎದ್ದ ಕೂಡಲೇ ಬಿಯರ್ ಬೇಕು. ಇನ್ನೇನು ಕಾರಣ ಬೇಕು?

ಅಂದಹಾಗೆ, ಗೋಲ್ಡನ್ ಗ್ಲೋಬ್‌ಗೆ ಇಬ್ಬರೂ ನಾಮಿನೇಟ್ ಆದರು. ಆಸ್ಕರ್‌ಗೆ ವಿಲಿಯಮ್ಸ್ ಮಾತ್ರ. ಅದು ಸರಿಯೇ ಅನ್ನಿಸಿತು ನನಗೆ.

ಪುಟ್ಟಕ್ಕ:
ಮೇಜಿನ ದೃಶ್ಯ ಚೆನ್ನಾಗಿ ನೆನಪಿದೆ. ಆದರೂ ಸಿಂಡಿ ಮನಸ್ಸು ನನಗೆ ಮುಚ್ಚಿದ ಬಾಗಿಲೇ. ಇದಕ್ಕೆ ಸೆನ್ಸಾರ್ ತೊಂದರೆ ಆಗಿತ್ತಂತೆ, ಹೌದಾ?

ಹಳೇ ರೀಲ್:
ಹೌದು. ಗಂಡ ಹೆಂಡತಿಯ ಮಿಲನದ ದೃಶ್ಯ ನೋಡಿ ಅಮೆರಿಕದ ರೇಟಿಂಗ್ ಮಂಡಳಿ ‘ಎನ್‌ಸಿ-17’ ಕೊಟ್ಟಿತ್ತು, ಅಂದರೆ ಹದಿನೇಳು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಪ್ರವೇಶವೇ ಇಲ್ಲ. ಆ ಗುರುತು ಬಿದ್ದರೆ ಎಷ್ಟೋ ಥಿಯೇಟರ್‌ಗಳು ಹಾಕುವುದೇ ಇಲ್ಲ. ಮೇಲ್ಮನವಿ ಹಾಕಿ, 2010ರ ಡಿಸೆಂಬರ್‌ನಲ್ಲಿ ಏನನ್ನೂ ಕತ್ತರಿಸದೆ ‘ಆರ್’ (ಹದಿನೇಳರೊಳಗಿನವರು ದೊಡ್ಡವರ ಜೊತೆ ನೋಡಬಹುದು) ಗಿಟ್ಟಿಸಿಕೊಂಡರು. ಗುಂಡು ಹಾರಿಸುವ ಸಿನಿಮಾಗಳಿಗೆ ಇಷ್ಟು ಪರದಾಟ ಇರುವುದಿಲ್ಲ, ಅದು ಬೇರೆ ಮಾತು.