ದವಡೆ ನೋವಿಗೆ ಲೇಸರ್: ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಕಟಕಟ ದವಡೆ:
ಬಾಯಿ ತೆರೆದಾಗಲೆಲ್ಲ ನನ್ನ ಬಲಗಡೆ ದವಡೆ ಕೀಲು ಕಟಕ್ ಅನ್ನುತ್ತದೆ. ಅದು ಹಳೇ ಕಥೆ, ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಕೆಲವು ತಿಂಗಳಿಂದ ಕೆನ್ನೆಯ ಸ್ನಾಯುವೇ ನೋಯುತ್ತಿದೆ. ಬೆಳಿಗ್ಗೆ ಎದ್ದಾಗ ಜಾಸ್ತಿ. ಗಟ್ಟಿ ಪದಾರ್ಥ ಅಗಿದರೆ ನೋವು ಕಿವಿಯ ಮುಂದಿನಿಂದ ಹಣೆಯ ಪಕ್ಕಕ್ಕೆ ಹತ್ತುತ್ತದೆ. ಕಿವಿ ಡಾಕ್ಟರು ಕಿವಿ ಚೆನ್ನಾಗಿದೆ ಅಂದರು. ಹಲ್ಲಿನ ಡಾಕ್ಟರು ಟಿಎಂಡಿ, ಅಂದರೆ ದವಡೆ ಕೀಲು ಮತ್ತು ಅದರ ಸ್ನಾಯುಗಳ ತೊಂದರೆ ಅಂತ ಹೇಳಿ, ಕೆಲವು ವಾರ ಲೇಸರ್ ಕೊಡೋಣ ಅಂದಿದ್ದಾರೆ. ಕೆನ್ನೆ ಮೇಲೆ ಬೆಳಕು ಬಿಟ್ಟರೆ ಒಳಗಿನ ನೋವು ಹೋಗುತ್ತದಾ? ಚರ್ಮ ಸುಡುವುದಿಲ್ಲವಾ?

ಫಿಸಿಯೊ ಅಕ್ಕ:
ಈ ಯಂತ್ರವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವಳು ನಾನು. ಅದನ್ನು ಮನಸ್ಸಲ್ಲಿಟ್ಟುಕೊಂಡೇ ಓದಿ.

ಇದು ಕತ್ತರಿಸುವ ಲೇಸರ್ ಅಲ್ಲ. ಸಾಮಾನ್ಯವಾಗಿ ಅರ್ಧ ವ್ಯಾಟ್‌ಗಿಂತ ಕಡಿಮೆ ಶಕ್ತಿಯದು. ದವಡೆಗೆ ಹೆಚ್ಚಾಗಿ 800ರಿಂದ 900 ನ್ಯಾನೊಮೀಟರ್ ಸುತ್ತಮುತ್ತಲಿನ, ಕಣ್ಣಿಗೆ ಕಾಣದ ಬೆಳಕು ಬಳಸುತ್ತೇವೆ. ಹೆಚ್ಚಿನವರಿಗೆ ಏನೂ ಗೊತ್ತಾಗುವುದೇ ಇಲ್ಲ, "ಆನ್ ಮಾಡಿದ್ರಾ?" ಅಂತ ನನ್ನನ್ನೇ ಕೇಳುತ್ತಾರೆ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಳ್ಳುತ್ತದೆ, ಅದರಿಂದ ಉರಿಯೂತ, ನೋವು ಇಳಿಯುತ್ತದೆ ಅನ್ನುವುದು ಇದರ ಹಿಂದಿನ ವಿವರಣೆ. 1960ರ ದಶಕದಲ್ಲಿ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಬೋಳಿಸಿದ ಚರ್ಮಕ್ಕೆ ಲೇಸರ್ ಬಿಟ್ಟಾಗ ಕೂದಲು ಬೇಗ ಬಂತು. ಈ ಚಿಕಿತ್ಸೆ ಶುರುವಾಗಿದ್ದೇ ಅಲ್ಲಿಂದ. ಡೋಸ್ ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಅಂತೇನಿಲ್ಲ, ಮಿತಿ ಮೀರಿದರೆ ಇರುವ ಪರಿಣಾಮವೂ ಹೋಗಬಹುದು.

ಇನ್ನು ನಿಮ್ಮ ವಿಷಯ. ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಉಬ್ಬುತ್ತದಲ್ಲ, ಅದು ಮ್ಯಾಸೆಟರ್ ಸ್ನಾಯು. ಚರ್ಮದ ಕೆಳಗೇ ಇದೆ, ಬೆಳಕು ಮುಟ್ಟುತ್ತದೆ. ದವಡೆ ಮೂಳೆಯ ಒಳಬದಿಯ ಟೆರಿಗಾಯ್ಡ್ ಸ್ನಾಯುಗಳಿಗೆ ಹೊರಗಿನಿಂದ ಬೆಳಕು ತಲುಪಿಸುವುದು ಕಷ್ಟ. ಕಟಕ್ ಅನ್ನುವುದು ಸಾಮಾನ್ಯವಾಗಿ ಕೀಲಿನೊಳಗಿನ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಜಾರಿ ಮತ್ತೆ ಕೂರುವ ಸದ್ದು. ಲೇಸರ್ ಆ ಡಿಸ್ಕನ್ನು ಸರಿ ಮಾಡುವುದಿಲ್ಲ. ಸದ್ದಿನ ಜೊತೆ ನೋವಿಲ್ಲ, ಬಾಯಿ ಸಿಕ್ಕಿಕೊಳ್ಳುವುದಿಲ್ಲ ಅಂದರೆ ಸದ್ದಿಗೆ ಚಿಕಿತ್ಸೆಯೇ ಬೇಡ.

ಸಂಶಯ ಪಿಶಾಚಿ:
ಅಕ್ಕ ಒಂದು ವಿಷಯ ಬಿಟ್ಟರು. 2023ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ದೀರ್ಘಕಾಲದ ಟಿಎಂಡಿ ನೋವಿಗೆ ಮಾರ್ಗಸೂಚಿ ಬಂತು. ದವಡೆ ವ್ಯಾಯಾಮ, ಥೆರಪಿಸ್ಟ್ ಕೈಯಿಂದ ಕೀಲು ಆಡಿಸುವುದು, ಕಾಗ್ನಿಟಿವ್ ಬಿಹೇವಿಯರ್ ಥೆರಪಿ (ಯೋಚನೆ, ಅಭ್ಯಾಸ ಬದಲಿಸಿ ನೋವು ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆ), ಇವಕ್ಕೆಲ್ಲ ಬಲವಾದ ಶಿಫಾರಸು ಇದೆ. ಲೇಸರ್ ಇರುವುದು ಬೇಡ ಅನ್ನುವ ಪಟ್ಟಿಯಲ್ಲಿ!

ಫಿಸಿಯೊ ಅಕ್ಕ:
ನಿಜ, ಆದರೆ ಅದು ಷರತ್ತಿನ ಶಿಫಾರಸು. ಖಚಿತವಾಗಿ ಕೆಟ್ಟದ್ದು ಅಂತಲ್ಲ, ಪುರಾವೆ ಗಟ್ಟಿಯಿಲ್ಲ ಅಂತ. ಒಬ್ಬೊಬ್ಬ ಸಂಶೋಧಕರು ಒಂದೊಂದು ಡೋಸ್ ಬಳಸಿದ್ದಾರೆ, ಹೋಲಿಕೆಗೆ ಅಂತ ಸುಳ್ಳು ಲೇಸರ್ (ಚಿಕಿತ್ಸೆಯ ಬೆಳಕು ಬಿಡದ ಯಂತ್ರ) ಹಿಡಿಸಿಕೊಂಡವರಿಗೂ ನೋವು ಇಳಿದಿದೆ. ಅದೇ ಪಟ್ಟಿಯಲ್ಲಿ ನೈಟ್ ಗಾರ್ಡ್ ಥರದ, ಹಲ್ಲಿಗೆ ಹಾಕಿಕೊಳ್ಳುವ ಸ್ಪ್ಲಿಂಟ್‌ಗಳೂ ಇವೆ, ಅದನ್ನೂ ಹೇಳಿ ಮಾರಾಯರೇ. ಬಾಯಿ ತೆರೆಯಲೇ ಆಗದಷ್ಟು ನೋವಿದ್ದವರಿಗೆ ನಾನು ಮೊದಲು ಲೇಸರ್ ಹಿಡಿದು, ಆಮೇಲೆ ವ್ಯಾಯಾಮ ಮಾಡಿಸುತ್ತೇನೆ. ಬರೀ ಲೇಸರ್ ಕೊಟ್ಟು ಯಾರನ್ನೂ ಮನೆಗೆ ಕಳಿಸುವುದಿಲ್ಲ.

ಕಟಕಟ ದವಡೆ:
ಹಾಗಾದರೆ ವ್ಯಾಯಾಮ ಈಗಲೇ ಶುರು ಮಾಡಬಹುದಾ? ನನಗೆ ಮೂರು ಬೆರಳು ನಿಲ್ಲಿಸಿ ಇಡುವಷ್ಟು ಬಾಯಿ ತೆರೆಯುತ್ತದೆ.

ಫಿಸಿಯೊ ಅಕ್ಕ:
ಮೂರು ಬೆರಳು ಹೋದರೆ ಒಳ್ಳೆಯದೇ. ನಾಲಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಒತ್ತಿಡಿ. ಅದು ಕಳಚದಷ್ಟೇ ನಿಧಾನವಾಗಿ ಬಾಯಿ ತೆರೆಯಿರಿ, ಮುಚ್ಚಿ. ನೋವು ಹೆಚ್ಚಾದರೆ ನಿಲ್ಲಿಸಿ. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬಾರದು. ಕೆಲಸದ ಮಧ್ಯೆ ಗಮನಿಸಿ, ಕಚ್ಚಿಕೊಂಡೇ ಕೂತಿರುತ್ತೀರಿ.

ಲೇಸರ್‌ಗೆ ಹೋದರೆ ಕನ್ನಡಕ ಕೊಡುತ್ತಾರಾ ನೋಡಿ, ನಿಮಗೂ ಅವರಿಗೂ ಬೇಕು. ಬಿಸಿಲಿಗೆ ಚರ್ಮ ಸೂಕ್ಷ್ಮವಾಗುವಂಥ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಇನ್ನು ಬಾಯಿ ದಿಢೀರನೆ ಸಿಕ್ಕಿಕೊಂಡು ತೆರೆಯದೇ ಹೋದರೆ ಲೇಸರ್ ಅಂತ ಕಾಯಬೇಡಿ, ಅವತ್ತೇ ತೋರಿಸಿ.