ಗುಜರಿಯಿಂದ ತಂದ ಕರೆಂಟ್ ಫ್ಯಾನನ್ನು ಹಳೇ 207ಕ್ಕೆ ಕೂರಿಸಬಹುದಾ?

ಪ್ರಶ್ನೆ (ಮಲ್ಪೆಯಿಂದ):

ಅಣ್ಣ ನಮಸ್ಕಾರ. ನನ್ನದು ಹಳೇ ಟಾಟಾ 207 ಪಿಕಪ್. ವಾರಕ್ಕೆ ಮೂರು ಸಲ ಮಲ್ಪೆಯಿಂದ ಮೀನು ತುಂಬಿಸಿ ಹೆಬ್ರಿ, ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುದು. ಒಂದು ತಿಂಗಳಿಂದ ಉಡುಪಿಯ ಕಲ್ಸಂಕದ ಹತ್ರ ಟ್ರಾಫಿಕ್‌ನಲ್ಲಿ ನಿಂತ್ರೆ ಟೆಂಪರೇಚರ್ ಮುಳ್ಳು ಕೆಂಪಿನ ಹತ್ರ ಹೋಗ್ತದೆ. ಮಣಿಪಾಲ ದಾಟಿ ಗಾಡಿ ಓಡಿದ ಮೇಲೆ ತಾನಾಗಿ ಇಳೀತದೆ. ಗುಜರಿಯಲ್ಲಿ ಯಾವುದೋ ಕಾರಿಂದು ರೇಡಿಯೇಟರ್ ಫ್ಯಾನ್ 1,200 ರೂಪಾಯಿಗೆ ಸಿಕ್ಕಿತು. 12 ಇಂಚು, ಎರಡೇ ವಯರ್. ಎಂಜಿನಿನ ಫ್ಯಾನ್ ತೆಗೆದು ಇದನ್ನೇ ಹಾಕಿದ್ರೆ ಮೈಲೇಜೂ ಬರ್ತದೆ ಅಂತ ಪಕ್ಕದ ಗಾಡಿಯವರು ಹೇಳ್ತಾರೆ. ತೆಗೀಬಹುದಾ? ಇಗ್ನಿಷನ್ ವಯರಿಗೇ ಕೊಟ್ರೆ ಸಾಕಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಉಡುಪಿ):

ನಮಸ್ಕಾರ. ಮೊದಲು ಒಂದು ಮಾತು: ಎಂಜಿನಿನ ಫ್ಯಾನ್ ತೆಗೀಬೇಡಿ. ನಿಮ್ಮ ದಾರಿ ಆಗುಂಬೆ ಅಂತ ಓದಿದ ಕೂಡಲೇ ಇದನ್ನು ಮೊದಲು ಹೇಳ್ಬೇಕು ಅನ್ನಿಸಿತು.

ಸೋಮೇಶ್ವರದಿಂದ ಮೇಲೆ 14 ತಿರುವು ಹತ್ತುವಾಗ ನಿಮ್ಮ ಗಾಡಿ ಎರಡನೇ ಗೇರಲ್ಲಿ ಇರ್ತದೆ. ಸ್ಪೀಡು 15, 20 ಕಿಲೋಮೀಟರ್, ಆದ್ರೆ ಎಂಜಿನ್ ಜೋರು ತಿರುಗ್ತಾ ಇರ್ತದೆ. ಎದುರಿಂದ ಬರುವ ಗಾಳಿ ಇಲ್ಲವೇ ಇಲ್ಲ, ಹಿಂದೆ ಮೀನು, ಐಸಿನ ಲೋಡು. ಬೆಲ್ಟಿನಲ್ಲಿ ತಿರುಗುವ ಫ್ಯಾನಿಗೆ ಎಂಜಿನ್ ಎಷ್ಟು ಜೋರು ತಿರುಗ್ತದೋ ಅಷ್ಟು ಗಾಳಿ. ಅದರ ನಿಜವಾದ ಕೆಲಸ ಇರುವುದೇ ಘಾಟಿಯಲ್ಲಿ. ಸಣ್ಣ ಕಾರಿನ 12 ಇಂಚಿನ ಫ್ಯಾನ್ ಸಣ್ಣ ಪೆಟ್ರೋಲ್ ಎಂಜಿನಿಗೆ ಲೆಕ್ಕ ಹಾಕಿ ಮಾಡಿದ್ದು. ಲೋಡಿನಲ್ಲಿ ಘಾಟಿ ಹತ್ತುವ ದೊಡ್ಡ ಡೀಸೆಲ್ ಎಂಜಿನನ್ನು ಅದೊಂದೇ ತಣ್ಣಗೆ ಮಾಡುದು ಆಗುದಿಲ್ಲ. ಬಿಸಿಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಅಡಿಯ ಸೀಲು) ಹೋದ್ರೆ ಮೈಲೇಜಿನಲ್ಲಿ ಉಳಿಸಿದ್ದರ ಹತ್ತು ಪಾಲು ಒಂದೇ ದಿನದಲ್ಲಿ ಹೋಗ್ತದೆ.

ಕಲ್ಸಂಕದಲ್ಲಿ ಆಗುದು ಉಲ್ಟಾ. ಗಾಡಿ ನಿಂತಿದೆ, ಎಂಜಿನ್ ಐಡ್ಲಿಂಗಿನಲ್ಲಿ ಉಂಟು, ಹಾಗಾಗಿ ಬೆಲ್ಟಿನ ಫ್ಯಾನೂ ನಿಧಾನ. ಅಲ್ಲಿ ಕರೆಂಟ್ ಫ್ಯಾನ್ ತುಂಬಾ ಉಪಕಾರ. ಎರಡೂ ಇರಲಿ: ಹಿಂದೆ ಕಂಪೆನಿ ಫ್ಯಾನ್, ಗ್ರಿಲ್ಲಿನ ಹಿಂದೆ ರೇಡಿಯೇಟರಿನ ಎದುರು ನಿಮ್ಮ ಗುಜರಿ ಫ್ಯಾನ್.

ಅದಕ್ಕೂ ಮೊದಲು ಯಾಕೆ ಬಿಸಿ ಆಗ್ತದೆ ಅಂತ ನೋಡಬೇಕು. ನಿಂತಾಗ ಬಿಸಿಯಾಗಿ ಓಡುವಾಗ ಇಳೀತದೆ ಅಂದ್ರೆ ಗಾಳಿ ಸಾಲುದಿಲ್ಲ ಅಂತ ಅರ್ಥ. ಓಡುವಾಗಲೂ, ಲೋಡಿನಲ್ಲೂ ಬಿಸಿ ಆಗಿದ್ರೆ ಒಳಗೆ ನೀರು ಸರಿಯಾಗಿ ತಿರುಗ್ತಾ ಇಲ್ಲ. ನಿಮ್ಮದು ಮೊದಲನೇದು. ಆದ್ರೂ ಒಂದು ತಿಂಗಳ ಹಿಂದೆ ಇಲ್ಲದ್ದು ಈಗ ಬಂದಿದೆ ಅಂದ್ರೆ ಏನೋ ಬದಲಾಗಿದೆ. ಬೆಲ್ಟ್ ಸಡಿಲ ಉಂಟಾ, ಫ್ಯಾನಿನ ಎಸಳು ತುಂಡಾಗಿದೆಯಾ, ಫ್ಯಾನಿನ ಸುತ್ತ ಇರುವ ಕವರ್ ಒಡೆದಿದೆಯಾ ನೋಡಿ. ಟಾರ್ಚ್ ಹಿಡಿದು ರೇಡಿಯೇಟರಿನ ಜಾಲಿ ನೋಡಿ. ಬಂದರಿಗೆ ಹೋಗುವ ಗಾಡಿಗಳಲ್ಲಿ ನಾನು ಯಾವಾಗಲೂ ನೋಡುದು ಒಂದೇ: ಧೂಳು, ಡೀಸೆಲ್ ಪಸೆ, ಉಪ್ಪು ಮೂರೂ ಸೇರಿ ಫಿನ್ನುಗಳ ಮಧ್ಯೆ ಕಂಬಳಿ ಹೊದೆಸಿದ ಹಾಗೆ ಕೂತಿರ್ತದೆ. ಎಂಜಿನ್ ಕಡೆಯಿಂದ ಹೊರಗೆ ನಿಧಾನ ನೀರು ಬಿಟ್ಟು ತೊಳೀರಿ. ಪ್ರೆಷರ್ ವಾಷರನ್ನು ಹತ್ರ ಹಿಡಿದ್ರೆ ಫಿನ್ ಮಡಚಿ ಹೋಗ್ತದೆ. ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ತೆಗೆದು ಬಿಸಾಡಿದ್ದಾರಾ ಅಂತಲೂ ಕೇಳಿ ನೋಡಿ. ನಮ್ಮಲ್ಲಿ ಬಿಸಿ ಆಗ್ತದೆ ಅಂದ ಕೂಡಲೇ ಅದನ್ನು ಕಿತ್ತು ಹಾಕುವ ಅಭ್ಯಾಸ ಉಂಟು, ಅದು ತಪ್ಪು.

ಮತ್ತೆ, ಇಗ್ನಿಷನ್ ವಯರಿಗೆ ನೇರ ಕೊಡಲೇಬೇಡಿ. ಫ್ಯಾನ್ ಎಷ್ಟು ಆಂಪಿಯರ್ ತಗೊಳ್ತದೆ ಅಂತ ಮೊದಲು ನೋಡಿ ಹೇಳಿ.

ಪ್ರಶ್ನೆ (ಮಲ್ಪೆ):

ಬೆಲ್ಟ್ ಸರಿ ಉಂಟು, ಕವರ್ ಒಂದು ಬದಿ ಒಡೆದಿತ್ತು. ಜಾಲಿ ನೀವು ಹೇಳಿದ ಹಾಗೆಯೇ ಇತ್ತು, ತೊಳೆದೆ. ಫ್ಯಾನ್ ಚೆಕ್ ಮಾಡುದು ಹೇಗೆ?

ಉತ್ತರ:

ಆ ಕವರ್ ಮೊದಲು ಸರಿ ಮಾಡಿಸಿ. ಒಡೆದ ಬದಿಯಿಂದ ಫ್ಯಾನ್ ಸುಲಭದ ಗಾಳಿ ಎಳೀತದೆ, ರೇಡಿಯೇಟರಿನ ಮೂಲಕ ಎಳೆಯುದಿಲ್ಲ.

ಫ್ಯಾನನ್ನು ಕೈಯಲ್ಲಿ ತಿರುಗಿಸಿ. ನಯವಾಗಿ ತಿರುಗಿ ಸ್ವಲ್ಪ ಸ್ವಲ್ಪ ತಡೆದ ಹಾಗೆ ನಿಲ್ಲಬೇಕು, ಅದು ಒಳಗಿನ ಅಯಸ್ಕಾಂತದ ಹಿಡಿತ. ಕರಕರ ಅಂದ್ರೆ ಬೇರಿಂಗೋ ಬುಷೋ ಹೋಗಿದೆ. ಎಸಳನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ, ಶಾಫ್ಟ್ ಆಟ ಇರಬಾರದು. ಆಮೇಲೆ ವೈಸಿನಲ್ಲಿ ಗಟ್ಟಿ ಹಿಡಿಸಿ, ಮಧ್ಯದಲ್ಲಿ 30 ಆಂಪಿಯರ್ ಫ್ಯೂಸ್ ಹಾಕಿ ಬ್ಯಾಟರಿಗೆ ಕೊಡಿ. ಕೈಯಲ್ಲಿ ಹಿಡಿದು ಕೊಡಬೇಡಿ, ಹೊರಡುವಾಗ ಅದು ಕೈಯಿಂದ ಕಿತ್ತುಕೊಂಡು ಹೋಗ್ತದೆ. ಹತ್ತು ನಿಮಿಷ ಓಡಲಿ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದೇ ವಯರಿಗೆ ಹಿಡಿಯಿರಿ. ಈ ಅಳತೆಯ ಫ್ಯಾನ್ 10ರಿಂದ 15 ಆಂಪಿಯರ್ ಒಳಗೆ ಇರಬೇಕು. ಆಂಪಿಯರ್ ಏರುತ್ತಾ ಹೋದ್ರೆ ಅಥವಾ ಸುಟ್ಟ ವಾಸನೆ ಬಂದ್ರೆ ಗುಜರಿಗೇ ವಾಪಸ್ ಕೊಡಿ. ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದ್ರೆ ಕತ್ತರಿಸಿ ಬಿಸಾಡಿ, ಹೊಸತು ಹಾಕಿ.

ಕೂರಿಸುವಾಗ ಹೆಚ್ಚಿನವರು ಒಂದು ಕಡೆ ತಪ್ಪುತ್ತಾರೆ. ಕಾರಿನಲ್ಲಿ ಈ ಫ್ಯಾನ್ ರೇಡಿಯೇಟರಿನ ಹಿಂದೆ ಇದ್ದು ಗಾಳಿ ಎಳೀತಿತ್ತು. ಈಗ ಎದುರಿಗೆ ತರುವಾಗ ಅದನ್ನು ತಿರುಗಿಸಿ ಇಡಬಾರದು. ಕಾರಿನಲ್ಲಿ ಮುಖ ಯಾವ ಕಡೆ ಇತ್ತೋ ಇಲ್ಲಿಯೂ ಅದೇ ಕಡೆ, ಅಂದ್ರೆ ಎಸಳು ಗ್ರಿಲ್ ಕಡೆ, ಮೋಟಾರ್ ರೇಡಿಯೇಟರ್ ಕಡೆ. ತಿರುಗಿಸಿಟ್ಟು ಪ್ಲಸ್ ಮೈನಸ್ ಅದಲು ಬದಲು ಮಾಡಿದ್ರೆ ಗಾಳಿ ಹಿಂದಕ್ಕೇ ಹೋಗ್ತದೆ ನಿಜ, ಆದ್ರೆ ಎಸಳಿನ ಬಾಗು ಉಲ್ಟಾ ಆಗಿ ಅರ್ಧ ಬಲವೂ ಇರುದಿಲ್ಲ. ಮೋಟಾರಿನ ಬೆನ್ನಿಗೂ ಜಾಲಿಗೂ ಕನಿಷ್ಠ ಅರ್ಧ ಇಂಚು ಬಿಡಿ, ಸುತ್ತಲಿನ ಖಾಲಿ ಜಾಗವನ್ನು ಅಲ್ಯೂಮಿನಿಯಂ ಶೀಟಿನ ಬಳೆ ಮಾಡಿ ಮುಚ್ಚಿ. ಇಲ್ಲದಿದ್ರೆ ಗಾಳಿ ಬದಿಯಿಂದ ಹೊರಗೆ ಹೋಗ್ತದೆ. ಹೊಂಡಕ್ಕೆ ಬಿದ್ದಾಗ ಎಸಳು ಗ್ರಿಲ್ಲಿಗೆ ತಾಗದ ಹಾಗೆ ಅಲ್ಲಿಯೂ ಒಂದು ಇಂಚು ಬೇಕು. ಅಷ್ಟು ಜಾಗ ಸಿಗದಿದ್ರೆ ಈ ಫ್ಯಾನ್ ನಿಮ್ಮ ಗಾಡಿಗೆ ಆಗುದಿಲ್ಲ.

ಇನ್ನೊಬ್ಬರು (ಸುರತ್ಕಲ್):

ಮಧ್ಯೆ ಬಾಯಿ ಹಾಕ್ತೇನೆ, ಬೇಜಾರು ಮಾಡ್ಬೇಡಿ. ನಾನು ನನ್ನ ಪಿಕಪ್ಪಿಗೆ ಕೇಬಲ್ ಟೈ ಹಾಕಿ ಜಾಲಿಗೇ ಕಟ್ಟಿದ್ದೆ. ನಾಲ್ಕು ತಿಂಗಳಲ್ಲಿ ರೇಡಿಯೇಟರ್ ಲೀಕ್. ಟೈಯಿಂದಲೇ ಆಯ್ತಾ?

ಉತ್ತರ:

ಹೌದು, ಟೈಯಿಂದಲೇ. ಎರಡು ಕಿಲೋದ ಮೋಟಾರ್ ಆ ತೆಳು ಫಿನ್ನುಗಳಲ್ಲಿ ನೇತಾಡ್ತಾ ಇರ್ತದೆ. ಹೆದ್ದಾರಿಯ ಪ್ರತಿ ಹಂಪಿಗೂ ಸ್ವಲ್ಪ ಸ್ವಲ್ಪ ಅಲ್ಲಾಡಿ ಟೈ ಗರಗಸದ ಹಾಗೆ ಟ್ಯೂಬನ್ನು ತಿಂತದೆ. ಭಾರ ರೇಡಿಯೇಟರಿನ ಮೇಲೆ ಬೀಳಲೇಬಾರದು. ಮೇಲಿನ ಅಡ್ಡಪಟ್ಟಿಯಿಂದ ಕೆಳಗಿನ ಅಡ್ಡಪಟ್ಟಿಗೆ ಎರಡು ಕಬ್ಬಿಣದ ಪಟ್ಟಿ ಇಳಿಸಿ, ಫ್ಯಾನನ್ನು ಅದಕ್ಕೆ ರಬ್ಬರ್ ಬುಷ್ ಕೊಟ್ಟು ಬೋಲ್ಟ್ ಮಾಡಿ. ವೆಲ್ಡಿಂಗ್ ಇದ್ರೆ ಬ್ಯಾಟರಿ ಕಳಚಿಟ್ಟು ಮಾಡಿಸಿ.

ಪ್ರಶ್ನೆ (ಮಲ್ಪೆ):

ಗ್ರಿಲ್ಲಿಗೂ ರೇಡಿಯೇಟರಿಗೂ 5 ಇಂಚು ಸಿಕ್ಕಿತು, ಫ್ಯಾನಿನ ದಪ್ಪ ಮೂರೂವರೆ. ಓಡುವಾಗ 13 ಆಂಪಿಯರ್ ತೋರಿಸಿತು, ವಾಸನೆ ಏನೂ ಇಲ್ಲ. ವಯರಿಂಗ್ ಹೇಗೆ ಅಣ್ಣ?

ಉತ್ತರ:

13 ಒಳ್ಳೆಯ ಲೆಕ್ಕ. ಆದ್ರೆ ಹೊರಡುವ ಒಂದು ಕ್ಷಣ ಅದು ಮೂರು ಪಾಲು ಎಳೀತದೆ. ಆ ಹೊಡೆತವನ್ನು ನಿಮ್ಮ ಹಳೇ ಇಗ್ನಿಷನ್ ಸ್ವಿಚ್ ತಡೆಯುದಿಲ್ಲ, ಅದಕ್ಕೇ ರಿಲೇ ಬೇಕು, ಅಂದ್ರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್.

ಬ್ಯಾಟರಿ ಪ್ಲಸ್ಸಿನಿಂದ 4 ಸ್ಕ್ವೇರ್ ಎಂಎಂ ತಾಮ್ರದ ವಯರ್ ತೆಗೀರಿ. ಬ್ಯಾಟರಿಯಿಂದ ಒಂದು ಗೇಣಿನ ಒಳಗೇ 30 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ಫ್ಯಾನಿಗಾಗಿ ಅಲ್ಲ, ವಯರಿಗಾಗಿ. ವಯರ್ ಎಲ್ಲೋ ಉಜ್ಜಿ ಚಾಸಿಗೆ ತಾಗಿದ್ರೆ ಫ್ಯೂಸಿಗೆ ಮೊದಲಿನ ತುಂಡು ಬೆಂಕಿಯ ಬತ್ತಿ ಆಗ್ತದೆ. ಅಲ್ಲಿಂದ 40 ಆಂಪಿಯರ್ ರಿಲೇಯ 30ನೇ ನಂಬರ್ ಪಿನ್ನಿಗೆ, 87ನೇ ಪಿನ್ನಿನಿಂದ ಫ್ಯಾನಿನ ಪ್ಲಸ್ಸಿಗೆ. 86ಕ್ಕೆ ಕೀ ಆನ್ ಆದಾಗ ಮಾತ್ರ ಬರುವ ಸಣ್ಣ ಲೈನ್, ಅದಕ್ಕೂ 5 ಆಂಪಿಯರ್ ಫ್ಯೂಸ್. 85ರಿಂದ ಟೆಂಪರೇಚರ್ ಸ್ವಿಚ್ಚಿಗೆ, ಸ್ವಿಚ್ಚಿನ ಇನ್ನೊಂದು ಕಾಲು ಅರ್ತ್. ಬಿಸಿಯಾದಾಗ ಸ್ವಿಚ್ ಅರ್ತ್ ಕೊಡ್ತದೆ, ರಿಲೇ ಎಳೀತದೆ.

ಫ್ಯಾನಿನ ಮೈನಸ್ಸನ್ನು ಹತ್ತಿರದ ಬಾಡಿ ಬೋಲ್ಟಿಗೆ ಕೊಟ್ಟು ಮುಗಿಸಬೇಡಿ. ಕಡಲ ಬದಿಯ ಗಾಡಿ ಇದು, ಮೀನಿನ ಬಾಕ್ಸಿನಿಂದ ಉಪ್ಪುನೀರು ಸೋರುವ ಗಾಡಿ. ಹೊರಗೆ ಪೇಂಟ್ ಚಂದ ಕಂಡರೂ ಬೋಲ್ಟಿನ ಅಡಿಯಲ್ಲಿ ತುಕ್ಕು ಇರ್ತದೆ. ಅದೇ ದಪ್ಪದ ವಯರನ್ನು ನೇರ ಬ್ಯಾಟರಿ ಮೈನಸ್ಸಿಗೆ ತನ್ನಿ. ಎಲ್ಲ ಕಡೆ ವಯರಿನ ತುದಿಗೆ ಲಗ್ (ಲೋಹದ ಟರ್ಮಿನಲ್) ಒತ್ತಿಸಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲವೂ ಬಾಳುದಿಲ್ಲ. ಕೆಲಸ ಶುರು ಮಾಡಿದ ಹೊಸತರಲ್ಲಿ ನಾನೇ ಒಂದು ಗಾಡಿಗೆ ಅಗ್ಗದ ರಿಲೇ ಹೋಲ್ಡರ್ ಹಾಕಿ ಕೊಟ್ಟಿದ್ದೆ. ಹೆಬ್ರಿ ಹತ್ರ ಹೋಲ್ಡರ್ ಕರಗಿ ಫ್ಯಾನ್ ನಿಂತಿತು, ಡ್ರೈವರ್ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ರು. ಒಳಗಿನ ಕ್ಲಿಪ್ ಸಡಿಲ ಇತ್ತು, ಅಷ್ಟೇ. ಆವತ್ತಿನಿಂದ ರಿಲೇಯನ್ನು ಹೋಲ್ಡರಿಗೆ ಹಾಕಿ ಎಳೆದು ನೋಡದೆ ಗಾಡಿ ಬಿಡುದಿಲ್ಲ.

ಪ್ರಶ್ನೆ (ಮಲ್ಪೆ):

ಟೆಂಪರೇಚರ್ ಸ್ವಿಚ್ ಎಲ್ಲಿ ಹಾಕುದು? ರೇಡಿಯೇಟರಲ್ಲಿ ಅದಕ್ಕೆ ತೂತೇ ಇಲ್ಲ.

ಉತ್ತರ:

ಎರಡು ದಾರಿ ಉಂಟು. ತಾಮ್ರ ಹಿತ್ತಾಳೆಯ ರೇಡಿಯೇಟರ್ ಆದ್ರೆ ರೇಡಿಯೇಟರ್ ಕೆಲಸದವರ ಹತ್ರ ಕೆಳಗಿನ ಟ್ಯಾಂಕಿಗೆ ಥ್ರೆಡ್ ಇರುವ ಹಿತ್ತಾಳೆ ತುಂಡು ಬೆಸುಗೆ ಹಾಕಿಸಬಹುದು. ಕೆಳಗೆ ಬರುವುದು ತಣ್ಣಗಾದ ನೀರು, ಅಲ್ಲಿಗೆ 87 ಡಿಗ್ರಿಗೆ ಆನ್ ಆಗಿ 82 ಡಿಗ್ರಿಗೆ ಆಫ್ ಆಗುವ ಸ್ವಿಚ್ ಸಾಕು. ಇನ್ನೊಂದು, ಮೇಲಿನ ಹೋಸ್ ಪೈಪನ್ನು ಕತ್ತರಿಸಿ ಮಧ್ಯೆ ಲೋಹದ ಅಡಾಪ್ಟರ್ ಹಾಕುದು. ಅಲ್ಲಿ ಎಂಜಿನಿಂದ ಬರುವ ಬಿಸಿ ನೀರು, ಹಾಗಾಗಿ 92, 95 ಡಿಗ್ರಿಯ ಸ್ವಿಚ್. ಮೇಲಿನ ಸ್ವಿಚ್ಚನ್ನು ಕೆಳಗೆ ಹಾಕಿದ್ರೆ ಫ್ಯಾನ್ ಆನ್ ಆಗುವಷ್ಟರಲ್ಲಿ ಎಂಜಿನ್ ಕುದಿಯುವ ಹಂತಕ್ಕೆ ಬಂದಿರ್ತದೆ.

ಅಡಾಪ್ಟರ್ ಹಾಕುದಾದ್ರೆ ನೆನಪಿರಲಿ, ಎರಡೂ ಬದಿ ರಬ್ಬರ್ ಇರುದರಿಂದ ಅದಕ್ಕೆ ಅರ್ತ್ ಸಿಕ್ಕುದಿಲ್ಲ. ಒಂದೇ ಪಿನ್ನಿನ ಸ್ವಿಚ್ ಹಾಕಿ ಫ್ಯಾನ್ ತಿರುಗುದೇ ಇಲ್ಲ ಅಂತ ಬರುವವರು ಎಷ್ಟೋ ಜನ. ಅಡಾಪ್ಟರಿಗೇ ಒಂದು ಅರ್ತ್ ವಯರ್ ಕಟ್ಟಿ. ಈ ಕೆಲಸ ಎಲ್ಲ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿ ಇರುವಾಗ ಕ್ಯಾಪ್ ತೆರೆದ್ರೆ ಮುಖಕ್ಕೇ ಹಾರ್ತದೆ.

ಡ್ಯಾಶ್ ಬೋರ್ಡಿನಲ್ಲಿ ಮೂರು ಸ್ಥಾನದ ಸ್ವಿಚ್ ಒಂದು ಇಡಿ: ಆಟೋ, ಆಫ್, ಆನ್. ಅದನ್ನು 85ರ ಲೈನಿನಲ್ಲಿ ಇಟ್ರೆ ಸಣ್ಣ ಸ್ವಿಚ್ ಸಾಕು. ಆಫ್ ಯಾಕೆ ಅಂದ್ರೆ ಮಳೆಗಾಲಕ್ಕೆ. ಮಂಗಳೂರಿಗೆ ಹೋದಾಗ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿದ್ರೆ ಅದರೊಳಗೆ ಇಳಿಯುವ ಮೊದಲು ಆಫ್ ಮಾಡಿ. ತಿರುಗುವ ಎಸಳು ನೀರಿಗೆ ಹೊಡೆದ್ರೆ ಬಾಗ್ತದೆ, ತುಂಡಾಗ್ತದೆ, ಮೋಟಾರೂ ಜಾಮ್ ಆಗಬಹುದು.

ಇನ್ನೊಬ್ಬರು (ಕಾಪು):

ಡೈನಮೋ ತಡೀತದಾ ಅಣ್ಣ? ಹಳೇ ಗಾಡಿ ಅಲ್ವಾ.

ಉತ್ತರ:

ಸರಿಯಾದ ಪ್ರಶ್ನೆ. ಮಳೆಗಾಲದ ರಾತ್ರಿ ಲೆಕ್ಕ ಹಾಕಿ. ಹೆಡ್‌ಲೈಟ್ ಎರಡಕ್ಕೆ ಸುಮಾರು 10 ಆಂಪಿಯರ್, ವೈಪರಿಗೆ 4, 5, ಹಿಂದಿನ ಲೈಟು, ಹಾರ್ನು, ಬ್ರೇಕ್ ಲೈಟು ಸೇರಿ ಇನ್ನೊಂದು 4, ಈ ಫ್ಯಾನ್ 13. ಒಟ್ಟು 30 ದಾಟಿತು. ಐಡ್ಲಿಂಗಿನಲ್ಲಿ ಯಾವ ಡೈನಮೋವೂ ತನ್ನ ಪೂರ್ತಿ ಆಂಪಿಯರ್ ಕೊಡುದಿಲ್ಲ, ಮತ್ತೆ ಫ್ಯಾನ್ ಬೇಕಾಗುದೂ ಐಡ್ಲಿಂಗಿನಲ್ಲೇ. ಎಲ್ಲ ಆನ್ ಮಾಡಿ, ಎಂಜಿನ್ ಐಡ್ಲಿಂಗಿನಲ್ಲಿ ಇಟ್ಟು ಬ್ಯಾಟರಿಗೆ ಮೀಟರ್ ಹಿಡಿಯಿರಿ. 13 ವೋಲ್ಟಿನ ಮೇಲೆ ನಿಂತ್ರೆ ಚಿಂತೆ ಇಲ್ಲ. 12.5ಕ್ಕಿಂತ ಕೆಳಗೆ ಇಳಿದ್ರೆ ಬ್ಯಾಟರಿಯಿಂದ ಹೋಗ್ತಾ ಉಂಟು ಅಂತ ಅರ್ಥ. ಆಗ ಬೆಲ್ಟ್ ಬಿಗಿ ಮಾಡಿ, ಬ್ರಷ್ ನೋಡಿಸಿ, ಅದಕ್ಕೂ ಆಗದಿದ್ರೆ ಹೆಚ್ಚು ಆಂಪಿಯರಿನ ಡೈನಮೋ ಹಾಕಿ.

ಪ್ರಶ್ನೆ (ಮಲ್ಪೆ), ಒಂಬತ್ತು ದಿನ ಬಿಟ್ಟು:

ಅಣ್ಣ, ಎಲ್ಲ ನೀವು ಹೇಳಿದ ಹಾಗೆ ಮಾಡಿಸಿದೆ. ಕವರ್ ಸರಿ ಆಯ್ತು, ಎಂಜಿನ್ ಫ್ಯಾನ್ ಹಾಗೆಯೇ ಇಟ್ಟೆ. ಲೈಟು, ವೈಪರ್, ಫ್ಯಾನ್ ಎಲ್ಲ ಹಾಕಿದಾಗ 13.2 ತೋರಿಸ್ತದೆ. ನಿನ್ನೆ ಕಲ್ಸಂಕದಲ್ಲಿ ಇಪ್ಪತ್ತು ನಿಮಿಷ ನಿಂತೆ, ಮುಳ್ಳು ಅರ್ಧ ದಾಟಲಿಲ್ಲ. ಆಗುಂಬೆ ಹತ್ತುವಾಗಲೂ ತೊಂದರೆ ಆಗ್ಲಿಲ್ಲ. ಒಂದೇ ಸಂಶಯ. ಮೇಲೆ ಹೋಗಿ ಗಾಡಿ ಆಫ್ ಮಾಡಿದ ಕೂಡಲೇ ಫ್ಯಾನೂ ನಿಲ್ತದೆ. ಕೆಲವು ಕಾರಲ್ಲಿ ಕೀ ತೆಗೆದ ಮೇಲೂ ತಿರುಗ್ತದಲ್ಲ, ಹಾಗೆ ಮಾಡಬೇಕಾ?

ಉತ್ತರ:

ಕೇಳಿ ತುಂಬಾ ಖುಷಿ ಆಯ್ತು. ಹಾಗೆ ಮಾಡುದು ಬೇಡ. ಎಂಜಿನ್ ನಿಂತ ಮೇಲೆ ವಾಟರ್ ಪಂಪೂ ನಿಂತಿತು. ಫ್ಯಾನ್ ಆಮೇಲೆ ತಣ್ಣಗೆ ಮಾಡುದು ರೇಡಿಯೇಟರಿನೊಳಗೆ ನಿಂತ ನೀರನ್ನು ಮಾತ್ರ, ಹೆಡ್ಡಿನಲ್ಲಿರುವ ಬಿಸಿ ಹೆಚ್ಚಾಗಿ ಅಲ್ಲೇ ಇರ್ತದೆ. ಬ್ಯಾಟರಿ ಸುಮ್ಮನೆ ಖರ್ಚು, ಮತ್ತೆ ಬಾನೆಟ್ ತೆಗೆದು ಕೈ ಹಾಕಿದವರಿಗೆ ಅಪಾಯ. ಆಗುಂಬೆಯಲ್ಲಿ ಘಾಟಿ ಮುಗಿದ ಮೇಲೆ ಎರಡು ನಿಮಿಷ ಐಡ್ಲಿಂಗಿನಲ್ಲಿ ಬಿಡಿ, ಫ್ಯಾನಿನ ಸ್ವಿಚ್ ಆನ್‌ನಲ್ಲಿ ಇಡಿ. ಮುಳ್ಳು ಸ್ವಲ್ಪ ಇಳಿದ ಮೇಲೆ ಕೀ ತೆಗೆದು ಚಾ ಕುಡೀಲಿಕ್ಕೆ ಹೋಗಿ. ಒಂದು ತಿಂಗಳು ಕಳೆದ ಮೇಲೆ ಲಗ್ಗುಗಳನ್ನೆಲ್ಲ ಕೈಯಲ್ಲಿ ಮುಟ್ಟಿ ನೋಡಿ, ಯಾವುದಾದ್ರೂ ಬಿಸಿ ಇದ್ರೆ ಗಾಡಿ ತಕೊಂಡು ಬನ್ನಿ.